ಅಮ್ಮನ ಇಮ್ಯೂನಿಟಿ ಮಗುನ ಯಾಕೆ ಬಿಟ್ಟುಬಿಡುತ್ತೆ? ಎರಡು ಚಿತ್ರ ಬರೆದು ತಿಳ್ಕೊಳ್ಳಿ

ಮಗುವಲ್ಲಿ ಅರ್ಧ ಅಪ್ಪಂದು, ಅಮ್ಮನ ಮೈಗೆ ಅದು ಬೇರೆಯವರ ಕಿಡ್ನಿ ಕೂರಿಸಿದಂಗೇ, ಮತ್ಯಾಕೆ ಹೊರಗೆ ತಳ್ಳಲ್ಲ? 1953ರಲ್ಲಿ ಇಮ್ಯೂನಿಟಿ ವಿಜ್ಞಾನಿ ಪೀಟರ್ ಮೆಡಾವರ್ ಎತ್ತಿದ ಪ್ರಶ್ನೆ ಇದು. ಸೆಲ್‌ಗಳ ಹೆಸರು ಬಾಯಿಪಾಠ ಮಾಡಿ ಎಕ್ಸಾಮ್ ಹಾಲಲ್ಲಿ ಮರೆಯೋ ಬದಲು ನೋಟ್‌ಬುಕ್ಕಲ್ಲಿ ಪಕ್ಕಪಕ್ಕ ಎರಡು ಚಿತ್ರ ಬರೀರಿ, ಎಡಕ್ಕೆ ಗರ್ಭಕೋಶ, ಬಲಕ್ಕೆ ಟ್ಯೂಬು (ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರೋ ನಾಳ), ಅಂದ್ರೆ ಗರ್ಭ ದಾರಿ ತಪ್ಪಿ ಅಲ್ಲೇ ಕೂತಾಗಿನ ಚಿತ್ರ.

ಎಡಗಡೆದೇ ಮೊದ್ಲು. ಪ್ರೊಜೆಸ್ಟೆರಾನ್‌ನಿಂದ ಗರ್ಭಕೋಶದ ಒಳಪದರ ಡೆಸಿಡುವ, ಅಂದ್ರೆ ಗರ್ಭ ಕೂರೋಕೆ ತಯಾರಾದ ಪದರ, ಆಗಿರುತ್ತೆ, ಸ್ಲೈಡಲ್ಲಿ ನೋಡಿದ್ರೆ ಊದಿಕೊಂಡ ತಿಳಿ ಗುಲಾಬಿ ಸೆಲ್‌ಗಳು ಹಾಸುಗಲ್ಲು ಜೋಡಿಸಿದಂಗೆ ಕೂತಿರ್ತವೆ. ಅವುಗಳ ಮಧ್ಯೆ ಎನ್‌ಕೆ ಸೆಲ್ ಅಂತ ಧಾರಾಳವಾಗಿ ಚುಕ್ಕಿ ಇಡಿ, ಮೊದಲ ಮೂರು ತಿಂಗಳಲ್ಲಿ ಅಲ್ಲಿರೋ ಬಿಳಿ ರಕ್ತಕಣಗಳಲ್ಲಿ ನೂರಕ್ಕೆ ಸುಮಾರು 70 ಇವೇ. ಹೆಸರೇನೋ ನ್ಯಾಚುರಲ್ ಕಿಲ್ಲರ್, ಆದ್ರೆ ಇಲ್ಲಿ ಕೊಲ್ಲೋದು ಕಮ್ಮಿ, ಸ್ಪೈರಲ್ ಆರ್ಟರಿ (ಆ ಪದರಕ್ಕೆ ರಕ್ತ ತರೋ ನಾಳ) ಅಗಲ ಆಗೋಕೆ ಕೈ ಜೋಡಿಸೋದೇ ಜಾಸ್ತಿ, ರಕ್ತದಲ್ಲಿ ಓಡಾಡೋ ಎನ್‌ಕೆ ಬೇರೆ ಥರದ್ದು, ಹಾಗಾಗಿ ಬ್ಲಡ್ ಟೆಸ್ಟಲ್ಲಿ ಅದನ್ನ ಎಣಿಸಿ ಗರ್ಭಕೋಶದ ಕಥೆ ಹೇಳ್ತೀವಿ ಅನ್ನೋರನ್ನ ನಾನಂತೂ ನಂಬಲ್ಲ. ಒಳಗೆ ನುಗ್ಗೋ ಟ್ರೋಫೋಬ್ಲಾಸ್ಟ್ (ಮಗುವಿನ ಕಡೆಯ, ಮಾಸು ಕಟ್ಟೋ ಸೆಲ್‌ಗಳು) ಮೇಲೆ ಎಚ್‌ಎಲ್‌ಎ (ಸೆಲ್ ಯಾರದ್ದು ಅಂತ ಹೇಳೋ ಗುರುತು ಪ್ರೋಟೀನು) ಜಿ ಮತ್ತೆ ಸಿ ಅಂತ ಬರೀರಿ, ಎ ಬಿ ಅಲ್ಲಿರಲ್ಲ, ಬೇರೆಯವರ ಸೆಲ್ ಮೇಲೆ ದಾಳಿ ಮಾಡೋ ಟಿ ಸೆಲ್‌ಗಳು ಮುಖ್ಯವಾಗಿ ಗುರುತು ಹಿಡಿಯೋದೇ ಆ ಎರಡನ್ನ. ಜಗಳ ತಣ್ಣಗೆ ಮಾಡೋ ಟಿ ಸೆಲ್‌ಗಳಾದ ಟಿ-ರೆಗ್‌ಗಳನ್ನ ಮೂಲೇಲಿ ಸೇರಿಸಿ.

ಈಗ ಬಲಗಡೆ. ಎಕ್ಟೋಪಿಕ್‌ನಲ್ಲಿ, ಅಂದ್ರೆ ಗರ್ಭಕೋಶದ ಒಳಗಲ್ಲದೆ ಬೇರೆ ಕಡೆ ನಿಂತ ಗರ್ಭದಲ್ಲಿ, ನೂರಕ್ಕೆ 90ಕ್ಕಿಂತ ಜಾಸ್ತಿ ಟ್ಯೂಬಲ್ಲೇ ಆಗೋದು. ಅಲ್ಲಿ ಡೆಸಿಡುವ ಸರಿಯಾಗಿ ಆಗಲ್ಲ, ಎನ್‌ಕೆ ಚುಕ್ಕಿ ಒಂದೋ ಎರಡೋ ಸಾಕು, ಮ್ಯಾಕ್ರೋಫೇಜ್ (ಕಸ ನುಂಗೋ ಬಿಳಿ ರಕ್ತಕಣ), ಟಿ ಸೆಲ್ ಹಾಕಿ, ಟ್ರೋಫೋಬ್ಲಾಸ್ಟ್ ಸೀದಾ ಸ್ನಾಯುವಿಗೆ, ರಕ್ತನಾಳಕ್ಕೆ ನುಗ್ಗಿದಂಗೆ ಗೆರೆ ಎಳೀರಿ.

ಎಲ್ಲರೂ ಎಡವೋದು ಇಲ್ಲೇ. ಟಾಲರೆನ್ಸ್ (ಮಗುನ ತಳ್ಳದೆ ಸಹಿಸಿಕೊಳ್ಳೋ ಗುಣ) ಕೆಟ್ಟು ಎಕ್ಟೋಪಿಕ್ ಆಯ್ತು ಅಂತ ಬರೀತಾರೆ, ತಪ್ಪು. ಅಮ್ಮನ ಮೈ ಅಲ್ಲೂ ಅದನ್ನ ತಳ್ಳಲ್ಲ, ಬೆಳೆಯೋಕೆ ಬಿಡುತ್ತೆ, ಅದೇ ಅಪಾಯ. ಹಳೇ ಕ್ಲಮೀಡಿಯ ಇನ್ಫೆಕ್ಷನ್, ಟ್ಯೂಬಿನ ಸರ್ಜರಿ, ಸ್ಮೋಕಿಂಗ್, ಇಂಥದ್ರಿಂದ ದಾರಿ ಕೆಟ್ಟು ಭ್ರೂಣ ಮಧ್ಯದಲ್ಲೇ ಕೂತಿರುತ್ತೆ.

ಚಿತ್ರ ಸರಿ ಇದ್ಯಾ ಅಂತ ಚೆಕ್ ಮಾಡೋಕೆ ಬಲಗಡೆ ಟ್ಯೂಬಿನ ಪಕ್ಕ ಖಾಲಿ ಗರ್ಭಕೋಶನೂ ಬರೀರಿ, ಅದರೊಳಗೆ ಏನಿರುತ್ತೆ? ಡೆಸಿಡುವ ಇರುತ್ತೆ, ಎನ್‌ಕೆನೂ ಇರ್ತವೆ, ಯಾಕಂದ್ರೆ ಕರೆಸಿದ್ದು ಹಾರ್ಮೋನು, ಭ್ರೂಣ ಪಕ್ಕದಲ್ಲಿ ಇರ್ಲೇಬೇಕು ಅಂತೇನಿಲ್ಲ. ಕೆಲವ್ರಿಗೆ ಆ ಪದರ ಇಡಿಯಾಗಿ ಕಳಚಿ ಬಿದ್ದುಬಿಡುತ್ತೆ, ಅಬಾರ್ಷನ್ ಆಯ್ತು ಅಂತ ಮನೇಲಿ ಸುಮ್ಮನಾಗ್ತಾರೆ. ಲ್ಯಾಬಲ್ಲಿ ಅದ್ರಲ್ಲಿ ವಿಲ್ಲೈ (ಮಾಸಿನ ಬೆರಳಿನಂಥ ಎಳೆಗಳು) ಕಾಣ್ಲಿಲ್ಲ ಅಂದ್ರೆ ಟ್ಯೂಬ್ ಕಡೆ ಡೌಟ್ ಬರ್ಲೇಬೇಕು, ಜೊತೆಗೆ ಹೊಟ್ಟೆ ಒಂದು ಕಡೆ ನೋವು, ಭುಜದ ತುದಿ ನೋವು, ತಲೆ ಸುತ್ತು ಇದ್ರೆ ಚಿತ್ರಗಿತ್ರ ಆಮೇಲೆ, ಆಗಲೇ ಎಮರ್ಜೆನ್ಸಿಗೆ ಹೋಗ್ಬೇಕು.