ಭಾಗಗಳೆಲ್ಲ ಅಸಲಿ, ಚಾಕು ಮಾತ್ರ ಅಲ್ಲ

ನನ್ನ ಹತ್ತಿರ ಇರುವ ಮಡಚುವ ಚಾಕುಗಳಲ್ಲಿ ಒಂದಕ್ಕೆ ದಾರ ಕಟ್ಟಿ ಚೀಟಿ ತೂಗುಬಿಟ್ಟಿದ್ದೇನೆ. ಅದರಲ್ಲಿ ಬರೆದಿರುವುದು ಇಷ್ಟೇ: "ಆಮೇಲೆ ಜೋಡಿಸಿದ್ದು. ಕೊಟ್ಟಿದ್ದು 120 ಡಾಲರ್."

ಅದು ಶ್ರೇಡ್ ಕಂಪನಿಯ ಓಲ್ಡ್ ಟೈಮರ್, 8ಓಟಿ ಮಾದರಿ. ಮಡಚಿದಾಗ ಸುಮಾರು ನಾಲ್ಕು ಇಂಚು ಉದ್ದ, ಮೂರು ಅಲಗು, ಗರಗಸದ ಗೀರುಗಳಂತೆ ಕಾಣುವ ಕಂದು ಹಿಡಿ. ಭಾನುವಾರದ ಬಯಲು ಸಂತೆಯೊಂದರಲ್ಲಿ ಕೊಂಡೆ. ಡಬ್ಬಿ ಇತ್ತು, ಒಳಗಿನ ಕಾಗದ ಇತ್ತು, ಅಲಗಿನ ಮೇಲೆ ಒಂದು ಗೀರೂ ಇರಲಿಲ್ಲ. ಟ್ಯಾಂಗ್ ಮೇಲಿನ ಮುದ್ರೆ ಸರಿಯಾಗಿತ್ತು. (ಅಲಗಿನ ಬುಡದಲ್ಲಿ, ಹಿಡಿಯೊಳಗೆ ಹೋಗುವ ದಪ್ಪ ಭಾಗಕ್ಕೆ ಟ್ಯಾಂಗ್ ಅಂತಾರೆ.) ಹಿಡಿ ಸರಿಯಾಗಿತ್ತು, ಶೀಲ್ಡ್, ಅಂದರೆ ಹಿಡಿಯಲ್ಲಿ ಕೂರಿಸಿದ ಪುಟ್ಟ ಲೋಹದ ಬಿಲ್ಲೆ, ಅದೂ ಸರಿಯಾಗಿತ್ತು. ಒಂದೊಂದೇ ನೋಡಿ ಒಂದೊಂದಕ್ಕೂ ಸರಿ ಅಂದುಕೊಂಡೆ. ದುಡ್ಡು ಕೊಟ್ಟೆ.

ನನ್ನ ತಪ್ಪು ಆ ನೋಟದಲ್ಲೇ ಇತ್ತು. ಭಾಗಗಳನ್ನು ನೋಡಿದೆ, ಭಾಗಗಳು ಒಂದಕ್ಕೊಂದು ಕೂತಿರುವ ರೀತಿ ನೋಡಲಿಲ್ಲ.

ಶ್ರೇಡ್ ಕಾರ್ಖಾನೆ ನ್ಯೂಯಾರ್ಕ್ ರಾಜ್ಯದ ಎಲ್ಲೆನ್‌ವಿಲ್‌ನಲ್ಲಿತ್ತು. 1904ರಲ್ಲಿ ವಾಲ್ಡನ್ ಎಂಬ ಊರಲ್ಲಿ ಶುರುವಾದ ಕಂಪನಿ ಅದು. 2004ರ ಜುಲೈ ಕೊನೆಯಲ್ಲಿ ಇದ್ದಕ್ಕಿದ್ದಂತೆ ಮುಚ್ಚಿತು. ಹೆಸರನ್ನು ಬೇರೆಯವರು ಕೊಂಡು ಚೀನಾದಲ್ಲಿ ಮಾಡಿಸತೊಡಗಿದರು. ಕಾರ್ಖಾನೆಯ ಒಳಗಿದ್ದ ಸಾಮಾನೆಲ್ಲ ಹರಾಜಾಯಿತು: ಯಂತ್ರ, ಡಬ್ಬಿ, ಮತ್ತು ಮುದ್ರೆ ಹೊಡೆದಿಟ್ಟಿದ್ದ ಅಲಗು, ಸ್ಪ್ರಿಂಗ್, ಹಿಡಿಗಳು. ಇವೆಲ್ಲ ಅಸಲಿ ಮಾಲೇ. ಅದನ್ನು ಕೊಂಡವರಲ್ಲಿ ಕೆಲವರು ಮನೆಯಲ್ಲಿ ಕೂತು ಚಾಕು ಜೋಡಿಸಿದರು. ಇಲ್ಲಿ ಇಂಥದ್ದನ್ನು ಪಾರ್ಟ್ಸ್ ನೈಫ್ ಅಂತಾರೆ. ಇದನ್ನು ನಕಲಿ ಅನ್ನೋಕಾಗಲ್ಲ. ಆದರೆ ಕಾರ್ಖಾನೆಯಿಂದ ಹೊರಬಿದ್ದ ಚಾಕುವೂ ಇದಲ್ಲ. ಇದನ್ನು ಅಸಲಿ ಅಂತ ಹೇಳಿ ಮಾರಿದಾಗ ಮೋಸವಾಗುತ್ತದೆ.

ನಾನು ಅದೇ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಇದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ಹೊರಟರೆ ಸಿಗುವ ಸಣ್ಣ ಊರುಗಳೆಲ್ಲ ಚಾಕುವಿನ ಊರುಗಳೇ. ಲಿಟಲ್ ವ್ಯಾಲಿ, ಓಲಿಯನ್, ಗಡಿ ದಾಟಿದರೆ ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್. ಬ್ರಾಡ್‌ಫರ್ಡ್‌ನಲ್ಲಿ ಕೇಸ್ ಕಂಪನಿ ಇವತ್ತಿಗೂ ಚಾಕು ಮಾಡುತ್ತಿದೆ. ಹಾಗಾಗಿ ಸಂತೆಗಳಲ್ಲಿ ಮಾಲು ಜಾಸ್ತಿ, ಗೊತ್ತಿರುವ ವಯಸ್ಸಾದವರೂ ಜಾಸ್ತಿ. ಅಂಥವರೊಬ್ಬರು, ಹರೆಯದಲ್ಲಿ ಚಾಕು ಕಾರ್ಖಾನೆಯಲ್ಲಿ ದುಡಿದವರು, ನನ್ನ 8ಓಟಿಯನ್ನು ಕೈಗೆ ತಗೊಂಡು ಅಲಗನ್ನು ತೆರೆಯಲೇ ಇಲ್ಲ. ತಿರುಗಿಸಿ ಬೆನ್ನು ನೋಡಿದರು. ಹೆಬ್ಬೆರಳಿನ ಉಗುರನ್ನು ಬೆನ್ನ ಮೇಲೆ ಅಡ್ಡಕ್ಕೆ ಎಳೆದರು. "ಇದು ಕಾರ್ಖಾನೆಯ ಸಾಣೆ ಕಂಡಿಲ್ಲ" ಅಂದರು.

ಪೀಣ್ಯದ ಟೂಲ್ ರೂಮಿನಲ್ಲಿ ಆರು ವರ್ಷ ದುಡಿದವನು ನಾನು. ಅವರ ಮಾತು ಥಟ್ಟನೆ ಅರ್ಥವಾಯಿತು. ಮೂರು ಅಲಗಿನ ಈ ಚಾಕುವಿನ ಬೆನ್ನಲ್ಲಿ ಐದು ಪದರ ಇರುತ್ತೆ. ಹಿತ್ತಾಳೆ, ಉಕ್ಕು, ಹಿತ್ತಾಳೆ, ಉಕ್ಕು, ಹಿತ್ತಾಳೆ. ಹಿತ್ತಾಳೆಯದು ಲೈನರ್, ಉಕ್ಕಿನದು ಸ್ಪ್ರಿಂಗ್. ಕಾರ್ಖಾನೆಯಲ್ಲಿ ಎಲ್ಲ ಜೋಡಿಸಿ ಪಿನ್ ಬಡಿದ ಮೇಲೆ ಬೆನ್ನನ್ನು ಒಟ್ಟಿಗೆ ಸಾಣೆಗೆ ಹಿಡಿಯುತ್ತಾರೆ. ಆದ್ದರಿಂದ ಸಾಣೆಯ ಗೀರುಗಳು ಐದೂ ಪದರದ ಮೇಲೆ ಒಂದೇ ದಿಕ್ಕಿನಲ್ಲಿ, ಕಡಿಯದೆ ಹರಿಯುತ್ತವೆ. ಉಗುರು ಎಳೆದರೆ ಎಲ್ಲೂ ತಡೆಯಲ್ಲ. ನನ್ನ ಚಾಕುವಿನಲ್ಲಿ ಉಗುರು ಎರಡು ಕಡೆ ತಡೆಯಿತು. ಭೂತಗನ್ನಡಿ ಹಿಡಿದು ನೋಡಿದರೆ ಒಂದು ಸ್ಪ್ರಿಂಗಿನ ಗೀರು ಉದ್ದಕ್ಕೆ, ಪಕ್ಕದ ಲೈನರ್‌ನ ಗೀರು ಓರೆಗೆ. ಬೇರೆ ಬೇರೆ ದಿನ, ಬೇರೆ ಬೇರೆ ಕೈ.

ಅಂದಿನಿಂದ ನಾನು ಮೊದಲು ನೋಡುವುದು ಬೆನ್ನು. ಬಳಸದ ಹೊಸ ಚಾಕು ಅಂತ ತೋರಿಸಿದಾಗ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಸಿಕ್ಕಿಲ್ಲ. ಡಬ್ಬಿಯನ್ನು ನಂಬುವುದು ಬಿಟ್ಟಿದ್ದೇನೆ. ಡಬ್ಬಿಯೂ ಹರಾಜಿನಲ್ಲಿ ಹೋದ ಮಾಲೇ ಅಲ್ವಾ?

ಬಳಸಿದ ಚಾಕುವಿನ ಕಥೆ ಬೇರೆ, ಇನ್ನೂ ಸ್ವಾರಸ್ಯ. ಅಲ್ಲಿ ಸವೆತವೇ ಸಾಕ್ಷಿ. ಟ್ಯಾಂಗಿನ ಅಡಿಯಲ್ಲಿ ಒಂದು ಪುಟ್ಟ ಉಬ್ಬು ಇರುತ್ತೆ. ಅದಕ್ಕೆ ಕಿಕ್ ಅನ್ನುತ್ತಾರೆ. ಅಲಗನ್ನು ಮಡಚಿದಾಗಲೆಲ್ಲ ಈ ಕಿಕ್ ಸ್ಪ್ರಿಂಗಿಗೆ ಟಪ್ ಅಂತ ಬಡಿಯುತ್ತೆ. ಅಲಗಿನ ಬಾಯಿ ಸ್ಪ್ರಿಂಗಿಗೆ ತಾಗಿ ಮೊಂಡಾಗದಂತೆ ಕಾಯುವುದು ಇದರ ಕೆಲಸ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಡಿದು ಸ್ಪ್ರಿಂಗಿನ ಮೇಲೆ ಸಣ್ಣ ಗುಳಿ ಬೀಳುತ್ತೆ. ಅಲಗನ್ನು ನಿಧಾನವಾಗಿ ಮಡಚುತ್ತಾ ಟಾರ್ಚ್ ಬಿಟ್ಟು ನೋಡಿ. ಕಿಕ್ ನೇರ ಗುಳಿಯಲ್ಲೇ ಇಳಿಯಬೇಕು. ಗುಳಿ ಒಂದು ಕಡೆ, ಕಿಕ್ ಇಳಿಯುವುದು ಇನ್ನೊಂದು ಕಡೆ ಆದರೆ ಈ ಸ್ಪ್ರಿಂಗ್ ಇನ್ಯಾವುದೋ ಅಲಗಿನ ಜೊತೆ ಬಾಳಿದೆ. ಸಾಣೆ ಕೊಟ್ಟು ಕೊಟ್ಟು ಅರ್ಧ ಸವೆದ ಅಲಗಿದ್ದು, ಸ್ಪ್ರಿಂಗಿನಲ್ಲಿ ಗುಳಿಯೇ ಇಲ್ಲ ಅಂದರೂ ಅನುಮಾನ ಪಡಲೇಬೇಕು.

ಹಿತ್ತಾಳೆ ಲೈನರ್ ಕೂಡ ಹೀಗೇ. ಅಲಗು ಸ್ವಲ್ಪ ವಾಲಿದ್ದರೆ ಮಡಚುವಾಗ ಲೈನರ್‌ಗೆ ಉಜ್ಜುತ್ತೆ. ಆ ಉಜ್ಜಿದ ಗೆರೆ ಬಿಲ್ಲಿನಂತೆ ಬಾಗಿರುತ್ತೆ. ಅಲಗಿನ ಮೊನೆ ಆ ಗೆರೆಯ ಮೇಲೇ ಓಡುತ್ತದಾ ಅಂತ ನೋಡುತ್ತೇನೆ. ಒಳಗಿನ ಕೊಳೆಯನ್ನೂ ಹಲ್ಲುಕಡ್ಡಿಯಿಂದ ಮುಟ್ಟಿ ನೋಡುತ್ತೇನೆ. ಐವತ್ತು ವರ್ಷ ಜೇಬಿನಲ್ಲಿದ್ದ ಚಾಕುವಿನ ಸಂದಿಯಲ್ಲಿ ಗಟ್ಟಿಯಾದ ಎಣ್ಣೆ, ಬಟ್ಟೆಯ ನಾರು, ಲೈನರ್ ಅಂಚಿನಲ್ಲಿ ಹಸಿರು ಕಿಲುಬು ಇರುವುದು ಸಹಜ. ಹೊರಗೆ ಮುದಿತನ, ಒಳಗೆ ಫಳಫಳ ಅಂದರೆ ಯಾರೋ ಬಿಚ್ಚಿದ್ದಾರೆ. ಕಾರ್ಬನ್ ಉಕ್ಕಿನ ಅಲಗಾದರೆ ಅದರ ಬೂದು ಬಣ್ಣ ಟ್ಯಾಂಗಿನವರೆಗೂ ಇಳಿದಿರಬೇಕು. ಮೂರು ಅಲಗಿನಲ್ಲಿ ಎರಡು ಕಪ್ಪಾಗಿ, ಒಂದು ಮಾತ್ರ ಬೆಳ್ಳಗಿದ್ದರೆ ಆ ಒಂದನ್ನು ಪ್ರಶ್ನಿಸುತ್ತೇನೆ. ಬಳಸದೇ ಬಿಟ್ಟ ಅಲಗೂ ಬೆಳ್ಳಗೇ ಇರಬಹುದು. ಆಗ ಮತ್ತೆ ಗುಳಿ ನೋಡಬೇಕು, ಗೆರೆ ನೋಡಬೇಕು.

ಒಂದು ವಿನಂತಿ. ಹಳೆ ಚಾಕು ಸಿಕ್ಕ ತಕ್ಷಣ ತಿಕ್ಕಿ ತೊಳೆಯಬೇಡಿ. ಪಾಲಿಶ್ ಮಾಡಿಸಬೇಡಿ. ಈಗ ಹೇಳಿದ ಸಾಕ್ಷಿಯೆಲ್ಲ ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತೆ. ಅಸಲಿ ಚಾಕುವನ್ನೇ ಅನುಮಾನದ ಚಾಕು ಮಾಡಿಬಿಡುತ್ತೀರಿ. ನೋಡಿದಾಗ ಸಂಕಟವಾಗುತ್ತದೆ.

ಪಿನ್ನುಗಳ ವಿಷಯ. ಹಿಡಿಯ ಎರಡು ತುದಿಯಲ್ಲಿರುವ ಲೋಹದ ಕಟ್ಟು ಬೋಲ್ಸ್ಟರ್. ಸಾಮಾನ್ಯವಾಗಿ ಜರ್ಮನ್ ಸಿಲ್ವರ್‌ನದು (ಹೆಸರಿಗೆ ಬೆಳ್ಳಿ, ನಿಜಕ್ಕೆ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ). ಅಲಗು ತಿರುಗುವ ಪಿನ್ ಇದರ ಮೂಲಕ ಹೋಗುತ್ತೆ. ಪಿನ್ನನ್ನೂ ಅದೇ ಲೋಹದಲ್ಲಿ ಮಾಡಿ, ಬಡಿದು, ಸಾಣೆ ಹಿಡಿದರೆ ಅದು ಬೋಲ್ಸ್ಟರ್‌ನಲ್ಲಿ ಕರಗಿದ ಹಾಗೆ ಮಾಯವಾಗುತ್ತೆ. ಮತ್ತೆ ಪಿನ್ ಹಾಕಿದ ಚಾಕುವಿನಲ್ಲಿ ಹೆಚ್ಚಾಗಿ ಕೂದಲೆಳೆಯಂಥ ಉಂಗುರ ಕಾಣುತ್ತೆ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಸುತ್ತಲೂ ಸುತ್ತಿಗೆಯ ತಗ್ಗು ಕಾಣಬಹುದು. ಆದರೆ ಉಂಗುರ ಕಂಡ ಮಾತ್ರಕ್ಕೆ ತೀರ್ಪು ಕೊಡಬೇಡಿ. ಜೋರಾಗಿ ಬಳಸಿದ ಅಸಲಿ ಚಾಕುವಿನಲ್ಲೂ ಪಿನ್ ಸಡಿಲವಾಗಿ ಗೆರೆ ಮೂಡುತ್ತೆ. ಹಿಡಿಯ ಮೇಲಿನ ಪಿನ್ನುಗಳು ಸುಲಭ. ಯಂತ್ರದಲ್ಲಿ ತಿರುಗಿಸಿ ಕೂರಿಸಿದ ತಲೆ ಸಮನಾಗಿ ಗುಂಡಗಿರುತ್ತೆ, ಕೈಯಲ್ಲಿ ಬಡಿದದ್ದು ಒಂದು ಬದಿಗೆ ಚಪ್ಪಟೆ.

ಹಿಡಿ ಮೂಳೆಯದಾ, ಪ್ಲಾಸ್ಟಿಕ್‌ದಾ? ಭೂತಗನ್ನಡಿಯಲ್ಲಿ ಮೂಳೆಯ ಮೇಲೆ ಸಣ್ಣ ಸಣ್ಣ ರಂಧ್ರ, ಕಂದು ಚುಕ್ಕೆ ಕಾಣುತ್ತವೆ. ಡೆಲ್ರಿನ್ ಎಂಬ ಪ್ಲಾಸ್ಟಿಕ್‌ನಲ್ಲಿ ಅವು ಇರಲ್ಲ. ಡೆಲ್ರಿನ್ ಮಾರುಕಟ್ಟೆಗೆ ಬಂದದ್ದು 1960ರ ಸುಮಾರಿಗೆ. 1940ರ ಮುದ್ರೆಯ ಅಲಗಿಗೆ ಡೆಲ್ರಿನ್ ಹಿಡಿ ಇದ್ದರೆ ಮಾತು ಮುಗಿಯಿತು. ಬಿಸಿ ಸೂಜಿ ಚುಚ್ಚಿ ನೋಡುವವರೂ ಇದ್ದಾರೆ, ದಯವಿಟ್ಟು ಬೇಡ. ಶೀಲ್ಡ್ ಸುತ್ತ ಅಂಟು ಉಕ್ಕಿದೆಯಾ ನೋಡಲು ನೇರಳಾತೀತ (ಯುವಿ) ಬೆಳಕಿನ ಟಾರ್ಚ್ ಇಟ್ಟುಕೊಂಡಿದ್ದೇನೆ. ಈಚಿನ ಹಲವು ಅಂಟುಗಳು ಅದರಲ್ಲಿ ಹೊಳೆಯುತ್ತವೆ. ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಚಾಕುಗಳಲ್ಲಿ ಸೆಲ್ಯುಲಾಯ್ಡ್ ಹಿಡಿ ಬಹಳ. ಅದು ಕೆಡುವಾಗ ಬಿಡುವ ಆವಿ ಹತ್ತಿರದ ಉಕ್ಕನ್ನು ತುಕ್ಕು ಹಿಡಿಸುತ್ತೆ. ಹಿಡಿ ಪುಡಿಯಾಗುತ್ತಿದ್ದರೂ ಅಲಗು ಕನ್ನಡಿಯಂತಿದ್ದರೆ ಇವೆರಡೂ ಹೆಚ್ಚು ಕಾಲ ಜೊತೆಗಿದ್ದಿಲ್ಲ.

ಈಗ ಮುದ್ರೆ. ಎಲ್ಲರೂ ಇಲ್ಲಿಂದ ಶುರುಮಾಡುತ್ತಾರೆ. ನಾನು ಬೇಕಂತಲೇ ಕೊನೆಗೆ ಇಟ್ಟಿದ್ದೇನೆ, ಯಾಕಂದರೆ ನನ್ನ ಎರಡನೇ ತಪ್ಪು ನಡೆದದ್ದು ಇಲ್ಲೇ.

ಕೇಸ್ ಚಾಕುಗಳ ವಯಸ್ಸನ್ನು ಮುದ್ರೆಯಿಂದ ಓದಬಹುದು. 1940ರಿಂದ 1964ರವರೆಗೆ "ಕೇಸ್ ಎಕ್ಸ್‌ಎಕ್ಸ್". 1965ರಿಂದ 1969ರವರೆಗೆ ಅದರ ಜೊತೆ "ಯುಎಸ್‌ಎ". 1970ರಲ್ಲಿ ಕೆಳಗೆ ಹತ್ತು ಚುಕ್ಕೆ ಇಟ್ಟರು, ಆಮೇಲೆ ವರ್ಷಕ್ಕೆ ಒಂದರಂತೆ ಕಡಿಮೆ ಮಾಡಿದರು. ಏಳು ಚುಕ್ಕೆ ಅಂದರೆ 1973. ಮಾದರಿ ಸಂಖ್ಯೆಗೂ ಅರ್ಥವಿದೆ. 6254 ಅಂದರೆ ಮೊದಲ 6 ಮೂಳೆ ಹಿಡಿ, 2 ಅಂದರೆ ಎರಡು ಅಲಗು, 54 ಟ್ರ್ಯಾಪರ್ ಮಾದರಿ. ಮಡಚಿದಾಗ 4⅛ ಇಂಚು. ಇಷ್ಟು ಕಲಿತು ನಾನು ಬಹಳ ಧೈರ್ಯದಲ್ಲಿದ್ದೆ.

ಒಂದು ಸಂತೆಯಲ್ಲಿ 6254 ಸಿಕ್ಕಿತು. ದೊಡ್ಡ ಅಲಗಿನ ಮೇಲೆ "ಕೇಸ್ ಎಕ್ಸ್‌ಎಕ್ಸ್" ಅಷ್ಟೇ. ಇನ್ನೊಂದರ ಮೇಲೆ "ಯುಎಸ್‌ಎ" ಕೂಡ ಇತ್ತು. ಎರಡು ಅಲಗು, ಎರಡು ಕಾಲ. ಅಲಗು ಬದಲಾಯಿಸಿದ್ದಾರೆ ಅಂತ ಹೇಳಿ ವಾಪಸ್ ಇಟ್ಟೆ. ಮಾರುತ್ತಿದ್ದ ಹೆಂಗಸು ಅದು ತನ್ನ ತಂದೆಯದು, ಯಾರೂ ಬಿಚ್ಚಿಲ್ಲ ಅಂದರು. ನಾನು ನಂಬಲಿಲ್ಲ. ಹತ್ತು ಹೆಜ್ಜೆ ಹಿಂದೆ ಬರುತ್ತಿದ್ದ ಅದೇ ಹಿರಿಯರು ಅದನ್ನು ಕೊಂಡರು. ಮುದ್ರೆ ಬದಲಾದ ವರ್ಷ ಕಾರ್ಖಾನೆಯವರು ಹಳೆ ಅಲಗುಗಳನ್ನು ಎಸೆಯಲಿಲ್ಲ, ಬುಟ್ಟಿಯಲ್ಲಿ ಇದ್ದದ್ದನ್ನು ಹೊಸದರ ಜೊತೆ ಸೇರಿಸಿ ಚಾಕು ಮಾಡಿದರು. 1965ರ ಹೊತ್ತಿನ ಇಂಥ ಜೋಡಿಗಳನ್ನು ಸಂಗ್ರಹಕಾರರು ಹುಡುಕಿಕೊಂಡು ಬರುತ್ತಾರೆ. ಅವರು ಚಾಕುವನ್ನು ನನ್ನ ಕೈಗೆ ಕೊಟ್ಟು ಟಾರ್ಚ್ ಬಿಟ್ಟರು. ಎರಡೂ ಕಿಕ್ ತಮ್ಮ ತಮ್ಮ ಗುಳಿಯಲ್ಲಿ ನೆಟ್ಟಗೆ ಕೂತವು. ಲೈನರ್ ಗೆರೆ ಸರಿ, ಬೆನ್ನು ಸರಿ. ನೋಡಿದ್ದರೆ ಅವತ್ತೇ ನನಗೂ ಕಾಣುತ್ತಿತ್ತು. ಆ ಹೆಂಗಸಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ.

ಇನ್ನೂ ಹಿಂದಕ್ಕೆ ಹೋದರೂ ಇದೇ. ರೆಮಿಂಗ್ಟನ್ ಕಂಪನಿ 1920ರಿಂದ 1940ರವರೆಗೆ ಚಾಕು ಮಾಡಿತು. ಆಮೇಲೆ ಆ ವಿಭಾಗವನ್ನು ಪಾಲ್ ಎಂಬ ಕಂಪನಿ ಕೊಂಡಿತು, ಉಳಿದ ಭಾಗಗಳನ್ನೂ ಬಳಸಿತು. ಹಾಗಾಗಿ ಒಂದು ಅಲಗಿನಲ್ಲಿ ಪಾಲ್, ಇನ್ನೊಂದರಲ್ಲಿ ರೆಮಿಂಗ್ಟನ್ ಹೆಸರಿದ್ದರೆ ಗಾಬರಿಯಾಗಬೇಡಿ. ಸವೆತ ಓದಿ. ಕೆಲಸಗಾರರು ಭಾಗಗಳನ್ನು ಊಟದ ಡಬ್ಬಿಯಲ್ಲಿ ಮನೆಗೊಯ್ದು ತಮಗಾಗಿ ಜೋಡಿಸಿಕೊಂಡ ಚಾಕುಗಳೂ ಇವೆ. ಲಂಚ್ ಬಾಕ್ಸ್ ನೈಫ್ ಅನ್ನುತ್ತಾರೆ. ಕೈ ಕಾರ್ಖಾನೆಯದೇ, ಲೆಕ್ಕದಲ್ಲಿ ಇಲ್ಲ ಅಷ್ಟೇ. ಇವನ್ನು ಎಲ್ಲಿ ಸೇರಿಸಬೇಕು ಅಂತ ಕೇಳಿದರೆ, ನಾನು ಬೇರೆ ಡ್ರಾಯರ್‌ನಲ್ಲೇ ಇಡುತ್ತೇನೆ. ಅವುಗಳ ಮೇಲೆ ನನಗೆ ಪ್ರೀತಿ ಜಾಸ್ತಿ.

ಹೋದ ಬೇಸಿಗೆಯಲ್ಲಿ ನನ್ನಲ್ಲಿದ್ದ ಇನ್ನೊಂದು ಜೋಡಿಸಿದ ಓಲ್ಡ್ ಟೈಮರ್ ಮಾರಿದೆ. ಕೊಳ್ಳಲು ಬಂದವರು ತೋಟಗಾರಿಕೆ ಮಾಡುವವರು, ದಿನಾ ಜೇಬಿನಲ್ಲಿ ಇಟ್ಟುಕೊಳ್ಳಲು ಬೇಕು ಅಂದರು. ಬೆನ್ನಿನ ಗೀರು ತೋರಿಸಿದೆ, ಉಗುರು ಎಳೆದು ನೋಡಿಸಿದೆ, ಯಾಕೆ 30 ಡಾಲರ್ ಅಂತ ವಿವರಿಸಿದೆ. ಚೀಟಿ ದಿನಾ ಬಳಸುವ ಚಾಕುವಿನ ಮೇಲೆ ಉಳಿಯಲ್ಲ. ಅದಕ್ಕೆ ಡಬ್ಬಿಯ ಒಳಮುಚ್ಚಳದಲ್ಲಿ ಪೆನ್ನಿನಿಂದ ಬರೆದು ಕೊಟ್ಟೆ, ಆಮೇಲೆ ಜೋಡಿಸಿದ್ದು ಅಂತ. ಅವರು ಓದಿ ತಲೆಯಾಡಿಸಿದರು, ಕೆಳಗೆ ತಾರೀಖನ್ನೂ ಹಾಕಿ ಅಂದರು.