ಮೈನರ್ ಮಕ್ಕಳ ಸಹಿ: ಜರ್ಮನಿಗೆ ಬಂದ ಬಳ್ಳಾರಿ, ರಾಯಚೂರು ಕಡೆಯವರಿಗೆ

ಹದಿನೆಂಟು ತುಂಬದವರು ಎಲ್ಲಿ ಸಹಿ ಹಾಕಿದರೂ ಅದು ಸಹಿಯಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಊರಿನ ಮಟ್ಟಿಗೆ ಅದು ಸರಿಯೂ ಹೌದು. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಕಲಂ ಇದೆ, ಅದರ ಮೇಲೆ 1903ರಲ್ಲಿ ಮೊಹರಿ ಬೀಬಿ ಪ್ರಕರಣದಲ್ಲಿ ಆಗ ನಮ್ಮ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪಿದೆ. ಮೈನರ್ ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯ; ದೊಡ್ಡವನಾದ ಮೇಲೆ ಅವನೇ ಒಪ್ಪಿದರೂ ಅದು ಊರ್ಜಿತವಾಗುವುದಿಲ್ಲ. ಜರ್ಮನಿಯಲ್ಲಿ ಲೆಕ್ಕವೇ ಬೇರೆ.

‘ನಮ್ಮದು ಭಾರತದ ಪಾಸ್‌ಪೋರ್ಟ್, ನಮ್ಮ ಕಾಯ್ದೆಯೇ ಅಲ್ಲವಾ’ ಎಂದು ಕೇಳುವವರಿದ್ದಾರೆ. 2022ರ ಕೊನೆಯವರೆಗೆ ಆ ಮಾತಿಗೆ ಬಲವಿತ್ತು, ಏಕೆಂದರೆ ಕರಾರು ಮಾಡುವ ಅರ್ಹತೆಯನ್ನು ಜರ್ಮನಿ ಪೌರತ್ವದ ಮೇಲೆ ಅಳೆಯುತ್ತಿತ್ತು. 2023ರ ಜನವರಿ 1ರಿಂದ ವಾಸದ ಜಾಗ ನೋಡುತ್ತಾರೆ. ಹಾಗಾಗಿ ಸಿಂಧನೂರಿನಲ್ಲಿ ಹುಟ್ಟಿ ಸ್ಟುಟ್‌ಗಾರ್ಟ್‌ನಲ್ಲಿ ಶಾಲೆಗೆ ಹೋಗುವ ಹುಡುಗಿಗೆ ಇಲ್ಲಿಯ ಸಿವಿಲ್ ಸಂಹಿತೆ, ಅಂದರೆ ಬಿಜಿಬಿ.

ಏಳು ವರ್ಷದೊಳಗಿನವರ ಕರಾರು ಇಲ್ಲಿಯೂ ಶೂನ್ಯವೇ. ತೊಡಕಿರುವುದು ಏಳರಿಂದ ಹದಿನೆಂಟರೊಳಗಿನವರದು. ನಿಮ್ಮನ್ನು ಕೇಳದೆ ಮಗ ಜಿಮ್‌ಗೆ ಸೇರಿದ ಎನ್ನಿ. ಆ ಕರಾರು ಸತ್ತಿರುವುದೂ ಇಲ್ಲ, ಬದುಕಿರುವುದೂ ಇಲ್ಲ. ನಿಮ್ಮ ಒಪ್ಪಿಗೆಗಾಗಿ ತೂಗಾಡುತ್ತಿರುತ್ತದೆ. ಒಪ್ಪಿದಿರೋ, ಮೊದಲ ದಿನದಿಂದಲೇ ಅದು ಊರ್ಜಿತ. ಒಪ್ಪುತ್ತೀರಾ ಎಂದು ಜಿಮ್‌ನವರು ನಿಮ್ಮನ್ನು ಕೇಳಿದರೆ, ಆ ಕಾಗದ ಕೈಸೇರಿದಾಗಿನಿಂದ ಎರಡು ವಾರ ಗಡುವು. ಅಷ್ಟರಲ್ಲಿ ಉತ್ತರ ಹೋಗದಿದ್ದರೆ ನಿರಾಕರಿಸಿದಂತೆ. ಮೌನಂ ಸಮ್ಮತಿ ಲಕ್ಷಣಂ ಇಲ್ಲಿ ನಡೆಯುವುದಿಲ್ಲ.

ನಮ್ಮವರು ಎಡವುವುದು ಸುಮ್ಮನಿದ್ದು ಅಲ್ಲ, ಹೆದರಿ ದುಡ್ಡು ಕಟ್ಟಿ. ವಸೂಲಿ ಕಂಪನಿಯ ಕಾಗದ ಬಂದೊಡನೆ ‘ಯಾಕೆ ಬೇಕು ಗೊಡವೆ, ಒಂದು ಕಂತು ಕಟ್ಟಿಬಿಡೋಣ’ ಎನ್ನುತ್ತಾರೆ. ಆ ಒಂದು ಕಂತನ್ನೇ ಒಪ್ಪಿಗೆ ಎಂದು ಓದಲು ದಾರಿಯಾಗುತ್ತದೆ. ಬೇಡವಾದರೆ ‘ಮಗ ಮೈನರ್, ಈ ಕರಾರಿಗೆ ನಮ್ಮ ಒಪ್ಪಿಗೆ ಇಲ್ಲ’ ಎಂದು ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಹುಡುಗ ವಯಸ್ಸು ಸುಳ್ಳು ಹೇಳಿದ್ದ, ನೋಡಲು ದೊಡ್ಡವನಂತಿದ್ದ ಎಂಬ ನೆಪದಿಂದ ಕರಾರು ಗಟ್ಟಿಯಾಗುವುದಿಲ್ಲ. ಈ ವಿಷಯದಲ್ಲಿ ಜರ್ಮನ್ ಕಾಯ್ದೆ ಅಂಗಡಿಯವನಿಗಿಂತ ಮಗುವಿನ ಕಡೆಗೇ ವಾಲಿದೆ, ನನಗೆ ಅದು ನ್ಯಾಯವಾಗಿಯೇ ಕಾಣುತ್ತದೆ.

ಪಾಕೆಟ್ ಮನಿಗೊಂದು ವಿನಾಯಿತಿ ಇದೆ, ಬಿಜಿಬಿಯ 110ನೇ ಕಲಂ. ಕೈಖರ್ಚಿಗೆಂದು ಕೊಟ್ಟ ದುಡ್ಡಿನಲ್ಲಿ ಪೂರ್ತಿ ಹಣ ಕೊಟ್ಟು ಮುಗಿಸಿದರೆ ಆ ಖರೀದಿ ಊರ್ಜಿತ. ಹಳೇ ಸೈಕಲ್ಲು, ಪ್ರೀಪೇಯ್ಡ್ ಸಿಮ್ಮು ಇದರಲ್ಲಿ ಬರುತ್ತವೆ. ಎರಡು ವರ್ಷದ ಮೊಬೈಲ್ ಕರಾರು, ಕಂತಿನ ಮೇಲೆ ಕೊಂಡ ಫೋನು ಬರುವುದಿಲ್ಲ, ತಿಂಗಳ ಕಂತು ಎಷ್ಟೇ ಸಣ್ಣದಿರಲಿ. ಸಿರುಗುಪ್ಪದಿಂದ ಬಂದ ಅಜ್ಜ ಹೊರಡುವಾಗ ಮೊಮ್ಮಗನ ಕೈಗೆ ಇಟ್ಟ ನೋಟು? ಅಪ್ಪ ಅವ್ವನ ಒಪ್ಪಿಗೆಯಿಂದ ಕೊಟ್ಟಿದ್ದರೆ ಮಾತ್ರ ಅದು ಈ ಕಲಮಿನ ದುಡ್ಡು. ಯಾವ ಅಜ್ಜ ಕೇಳಿ ಕೊಡುತ್ತಾನೆ ಬಿಡಿ!

ಇನ್ನೊಂದು, ಅಪ್ಪನ ಸಹಿ ಒಂದೇ ಸಾಲದು. ಊರಿನ ಶಾಲೆ, ಬ್ಯಾಂಕುಗಳಲ್ಲಿ ಅಪ್ಪ ಬಂದು ಗೀಚಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ತಂದೆತಾಯಿ ಇಬ್ಬರೂ ಕೂಡಿಯೇ ಮಗುವಿನ ಪ್ರತಿನಿಧಿ. ಸಣ್ಣಪುಟ್ಟದಕ್ಕೆ ಒಬ್ಬರ ಮಾತು ನಡೆದೀತು; ಬ್ಯಾಂಕ್ ಖಾತೆ, ಡ್ರೈವಿಂಗ್ ಶಾಲೆಯಂಥದಕ್ಕೆ ಎರಡೂ ಸಹಿ ಕೇಳುತ್ತಾರೆ. ಗಂಡ ತೋರಣಗಲ್ಲಿನ ಕಾರ್ಖಾನೆಯಲ್ಲಿ, ಹೆಂಡತಿ ಮಕ್ಕಳು ಮ್ಯೂನಿಕ್‌ನಲ್ಲಿ ಎಂಬಂಥ ಮನೆಗಳು ಅಧಿಕಾರ ಪತ್ರವೊಂದನ್ನು ಮೊದಲೇ ಮಾಡಿಸಿಕೊಳ್ಳಬೇಕು. ಪಿಯುಸಿ ಮುಗಿಸಿ ಹದಿನೇಳಕ್ಕೇ ಓದಲು ಬರುವವರಿಗಂತೂ ಇಬ್ಬರ ಸಹಿಯ ಒಪ್ಪಿಗೆ ಪತ್ರ ವಿಮಾನ ಹತ್ತುವ ಮುಂಚೆಯೇ ಬ್ಯಾಗಿನಲ್ಲಿರಲಿ. ಅದಿಲ್ಲದೆ ರೂಮಿನ ಬಾಡಿಗೆ ಕರಾರಿಗೇ ತಕರಾರು.

ಮಗುವಿನ ಹೆಸರಿನಲ್ಲಿ ಸಾಲ ಎತ್ತಲು ನಿಮ್ಮಿಬ್ಬರ ಒಪ್ಪಿಗೆಯೂ ಸಾಲದು, ಕುಟುಂಬ ನ್ಯಾಯಾಲಯದ ಅನುಮತಿ ಬೇಕು. ಮಗುವಿನ ಹೆಸರಿನ ಜಮೀನು ಮಾರುವುದಕ್ಕೂ ಹಾಗೆಯೇ. ಇದು ನಮಗೆ ಹೊಸದಲ್ಲ; 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 8ನೇ ಕಲಂ ಪ್ರಕಾರ ಮಗುವಿನ ಸ್ವಂತ ಗದ್ದೆ ಮಾರಲು ಊರಿನಲ್ಲೂ ಕೋರ್ಟಿಗೇ ಹೋಗಬೇಕು.

ಹದಿನೆಂಟು ತುಂಬಿದ ದಿನ ನಿಮ್ಮ ಅಧಿಕಾರ ಮುಗಿಯಿತು. ಆ ಹೊತ್ತಿಗೂ ತೂಗಾಡುತ್ತಿರುವ ಕರಾರು ಇದ್ದರೆ ಒಪ್ಪುವುದು ಬಿಡುವುದು ಮಗನದೇ, ಅವನು ತಿಳಿದೇ ಕಂತು ಕಟ್ಟುತ್ತಾ ಹೋದರೆ ಒಪ್ಪಿದಂತಾದೀತು. ಅವನು ಚಿಕ್ಕವನಿದ್ದಾಗ ನೀವು ಅವನ ಹೆಸರಿನಲ್ಲಿ ಮಾಡಿದ ಸಾಲಗಳಿದ್ದರೆ, ಕೆಲವು ಅಪವಾದ ಬಿಟ್ಟು, ಆ ದಿನ ಅವನ ಬಳಿ ಇದ್ದ ಆಸ್ತಿಯಷ್ಟಕ್ಕೇ ಹೊಣೆ ಸೀಮಿತ ಎಂದು ಅವನು ವಾದಿಸಬಹುದು. 1999ರಿಂದ ಈ ರಕ್ಷಣೆ ಇದೆ. ಅದಕ್ಕೆ ಆಧಾರ ಬೇಕಲ್ಲ, ಆ ತಾರೀಖಿನ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದನ್ನು ತೆಗೆದಿಡಿಸಿ.