ಪಾದಕೋಶವನ್ನು ನೋಡಲು ನಾನು ಕಲಿತ ಬಗೆ

ಮೂತ್ರಪಿಂಡದ ಬಯಾಪ್ಸಿಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿ ವರದಿ ಬರೆಯುವುದು ಮುಂಬಯಿಯಲ್ಲಿ ನನ್ನ ಕೆಲಸ. ಶಾವಿಗೆಯ ಎಳೆಯಷ್ಟು ತೆಳ್ಳಗಿನ, ಒಂದೆರಡು ಸೆಂಟಿಮೀಟರ್ ಉದ್ದದ ತುಣುಕಿನಲ್ಲಿ ಹದಿನೈದಿಪ್ಪತ್ತು ಗ್ಲಾಮೆರುಲಸ್‌ಗಳು, ಅಂದರೆ ರಕ್ತ ಸೋಸುವ ಸೂಕ್ಷ್ಮನಾಳಗಳ ಉಂಡೆಗಳು, ಸಿಕ್ಕರೆ ಅದನ್ನು ಒಳ್ಳೆಯ ಬಯಾಪ್ಸಿ ಎನ್ನುತ್ತೇವೆ. ಒಂದೊಂದು ಮೂತ್ರಪಿಂಡದಲ್ಲಿ ಇಂಥ ಉಂಡೆಗಳು ಸರಿಸುಮಾರು ಹತ್ತು ಲಕ್ಷ ಇರುತ್ತವೆ. ಅವುಗಳ ಪರವಾಗಿ ಆ ಹದಿನೈದಿಪ್ಪತ್ತೇ ಸಾಕ್ಷಿ ಹೇಳಬೇಕು.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ ಮಾಟುಂಗಾದ ಹೋಟೆಲೊಂದರಲ್ಲಿ ದುಡಿಯುತ್ತಿದ್ದ, ಬೈಂದೂರು ಕಡೆಯ 23 ವರ್ಷದ ಯುವಕನ ಬಯಾಪ್ಸಿ ನನ್ನ ಬಳಿಗೆ ಬಂದಿತು. ಬೆಳಗ್ಗೆ ಏಳುವಾಗ ಅವನ ಕಣ್ಣಿನ ಸುತ್ತ ಬಾವು ಬರುತ್ತಿತ್ತು, ಸಂಜೆಯಾಗುವಷ್ಟರಲ್ಲಿ ಚಪ್ಪಲಿ ಹಿಡಿಸದಷ್ಟು ಪಾದ ಊದುತ್ತಿತ್ತು. ದಿನಕ್ಕೆ 3.5 ಗ್ರಾಂ ದಾಟಿದರೇ ಗಂಭೀರವೆನ್ನುವ ಪ್ರೋಟೀನ್ ಅವನ ಮೂತ್ರದಲ್ಲಿ 7 ಗ್ರಾಂ ಹೋಗುತ್ತಿತ್ತು. ಆದರೆ ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ ರಕ್ತದಲ್ಲಿ 0.8, ಅಂದರೆ ಸಹಜವಾಗಿಯೇ ಇತ್ತು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹದಿನಾರು ಉಂಡೆಗಳೂ ಪಠ್ಯಪುಸ್ತಕದ ಚಿತ್ರದಂತೆ ಅಚ್ಚುಕಟ್ಟಾಗಿದ್ದವು. ಪ್ರತಿಕಾಯಗಳು ಕೂತಿವೆಯೇ ಎಂದು ನೋಡುವ ಇಮ್ಯುನೊಫ್ಲೋರೆಸೆನ್ಸ್‌ನಲ್ಲಿಯೂ ಏನೂ ಕಾಣಲಿಲ್ಲ.

ಉಳಿದಿದ್ದುದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಬಯಾಪ್ಸಿಯ ದಿನವೇ ಅದಕ್ಕಾಗಿ ಒಂದು ಚೂರನ್ನು ಕತ್ತರಿಸಿ ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಇಡಬೇಕು. ಇಟ್ಟಿದ್ದೆ, ಆದರೆ ಆ ಚೂರಿನಲ್ಲಿ ಒಂದೇ ಒಂದು ಗ್ಲಾಮೆರುಲಸ್ ಇರಲಿಲ್ಲ, ಇದ್ದುದೆಲ್ಲ ಮೂತ್ರಪಿಂಡದ ಒಳಭಾಗದ ನಾಳಗಳು. ತುಣುಕು ಹಸಿಯಾಗಿರುವಾಗ ಅದನ್ನು ಮಸೂರದಡಿ ಹಿಡಿದರೆ ಉಂಡೆಗಳು ಕೆಂಪು ಚುಕ್ಕೆಗಳಾಗಿ ಕಾಣುತ್ತವೆ. ಅವಿರುವ ಹೊರತುದಿಯಿಂದಲೇ ಚೂರು ತೆಗೆಯಬೇಕು. ಆ ದಿನ ಅವಸರದಲ್ಲಿ ನಾನು ಅಷ್ಟನ್ನು ನೋಡಿರಲಿಲ್ಲ. ಕೊನೆಗೆ ಮೇಣದಚ್ಚಿನಲ್ಲಿ ಉಳಿದಿದ್ದ ಅಂಗಾಂಶದಿಂದ ಮೇಣ ಕರಗಿಸಿ, ಅದನ್ನು ಮತ್ತೆ ಸಂಸ್ಕರಿಸಬೇಕಾಯಿತು. ಹಾಗೆ ಮಾಡಿದಾಗ ರಕ್ತ ಸೋಸುವ ಪೊರೆಯ ದಪ್ಪವನ್ನು ನಂಬಿಕೆಯಿಂದ ಅಳೆಯಲಾಗುವುದಿಲ್ಲ, ಆದರೆ ನನಗೆ ಬೇಕಾದದ್ದು ಕಾಣುತ್ತದೆ. ವೈದ್ಯರು ಅಷ್ಟರಲ್ಲಿ ಚಿಕಿತ್ಸೆ ಆರಂಭಿಸಿದ್ದರೂ, ಕಾಯಿಲೆಗೆ ಖಚಿತವಾದ ಹೆಸರಿಲ್ಲದೆ ಆ ಹುಡುಗ ಕಾದ ಹತ್ತು ದಿನಗಳು ನನ್ನ ಲೆಕ್ಕಕ್ಕೇ ಸೇರಬೇಕು. ಅಂದಿನಿಂದ ಪ್ರತಿ ತುಣುಕನ್ನೂ ನಾನೇ ಮಸೂರದಡಿ ನೋಡಿ ಕತ್ತರಿಸುತ್ತೇನೆ.

ನಾನು ಹುಡುಕುತ್ತಿದ್ದುದು ಪೋಡೊಸೈಟ್‌ಗಳನ್ನು; ಕನ್ನಡದಲ್ಲಿ ಅವನ್ನು ಪಾದಕೋಶಗಳೆಂದು ಕರೆಯುವುದು ನನಗೆ ಇಷ್ಟ. ಸೋಸುವ ಗೋಡೆಗೆ ಮೂರು ಪದರಗಳಿವೆ: ಒಳಗೆ ರಂಧ್ರಗಳುಳ್ಳ ನಾಳದ ಕೋಶ, ನಡುವೆ ತೆಳು ಪೊರೆ, ಹೊರಗೆ ನಾಳವನ್ನು ತಬ್ಬಿಕೊಂಡಿರುವ ಪಾದಕೋಶ. ಈ ಕೋಶದಿಂದ ಹೊರಟ ಸಣ್ಣ ಪಾದಗಳು ಪಕ್ಕದ ಕೋಶದ ಪಾದಗಳ ನಡುವೆ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಕೂತಿರುತ್ತವೆ. ಬೆರಳುಗಳ ನಡುವಿನ ಸುಮಾರು 40 ನ್ಯಾನೊಮೀಟರ್‌ನ ಸಂದಿಯಲ್ಲಿ ನೆಫ್ರಿನ್ ಎಂಬ ಪ್ರೋಟೀನಿನ ಜಾಲರಿಯಿದೆ. ಫಿನ್ಲೆಂಡಿನಲ್ಲಿ ಹೆಚ್ಚಾಗಿ ಕಾಣುವ, ಹುಟ್ಟಿನಿಂದಲೇ ಪ್ರೋಟೀನ್ ಸೋರುವ ಶಿಶುಗಳ ಕಾಯಿಲೆಯ ಮೂಲ ಹುಡುಕುತ್ತ ಹೋದ ಸಂಶೋಧಕರು ಅದರ ಜೀನನ್ನು 1998ರಲ್ಲಿ ಗುರುತಿಸಿದರು. ದಿನಕ್ಕೆ ಸುಮಾರು 180 ಲೀಟರ್ ದ್ರವ ಈ ಗೋಡೆಯನ್ನು ದಾಟುತ್ತದೆ, ಆದರೂ ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ಬಹುಪಾಲು ಒಳಗೇ ಉಳಿಯುತ್ತದೆ.

ಆ ಯುವಕನ ಪಾದಕೋಶಗಳು ಇದ್ದವು, ಪಾದಗಳು ಇರಲಿಲ್ಲ. ಹೆಣೆದ ಬೆರಳುಗಳೆಲ್ಲ ಚಪ್ಪಟೆಯಾಗಿ ಒಂದೇ ಹಾಳೆಯಂತೆ ಪೊರೆಯ ಮೇಲೆ ಹರಡಿಕೊಂಡಿದ್ದವು. ಈ ಕಾಯಿಲೆಯನ್ನು ‘ಮಿನಿಮಲ್ ಚೇಂಜ್’ ಎನ್ನುತ್ತಾರೆ. ಅತ್ಯಲ್ಪ ಬದಲಾವಣೆ ಎಂಬ ಆ ಹೆಸರು ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಮಾತ್ರ ಸತ್ಯ. ಈ ರೋಗಿಗಳಲ್ಲಿ ಹಲವರ ರಕ್ತದಲ್ಲಿ ನೆಫ್ರಿನ್‌ನ ವಿರುದ್ಧವೇ ಪ್ರತಿಕಾಯಗಳಿರುವುದು ಇತ್ತೀಚೆಗೆ, 2022 ಮತ್ತು 2024ರಲ್ಲಿ ಪ್ರಕಟವಾದ ಅಧ್ಯಯನಗಳಿಂದ ತಿಳಿದುಬಂದಿದೆ.

ಅವನ ತಾಯಿಗೆ ಕನ್ನಡವೊಂದೇ ಬರುತ್ತಿತ್ತು. ಹಾಗಾಗಿ ವೈದ್ಯರು ನನ್ನನ್ನು ವಾರ್ಡಿಗೆ ಕರೆಸಿದರು. ಎಲ್ಲವನ್ನೂ ಕೇಳಿಸಿಕೊಂಡ ಆಕೆ, “ಗಂಜಿ ಬಸಿಯುವ ಸಿಬ್ಬಲಿನ ಹೆಣಿಗೆ ಸಡಿಲವಾಯಿತು, ಅಗುಳೆಲ್ಲ ಗಂಜಿಯ ಜೊತೆ ಹೋಗುತ್ತಿದೆ, ಅಲ್ಲವೇ?” ಎಂದರು. ನಾನು ಅದಕ್ಕಿಂತ ಚೆನ್ನಾಗಿ ಎಂದೂ ಹೇಳಿರಲಿಲ್ಲ. ಸ್ಟೀರಾಯ್ಡ್ ಚಿಕಿತ್ಸೆಗೆ ವಯಸ್ಕರು ಮಕ್ಕಳಿಗಿಂತ ನಿಧಾನವಾಗಿ ಸ್ಪಂದಿಸುತ್ತಾರೆ. ಹನ್ನೊಂದನೆಯ ವಾರದಲ್ಲಿ ಅವನ ಮೂತ್ರದಲ್ಲಿ ಪ್ರೋಟೀನ್ ಹೋಗುವುದು ನಿಂತಿತು.

ಅದೇ ವರ್ಷ ಡೊಂಬಿವಲಿಯಿಂದ ಬಂದ ಇನ್ನೊಬ್ಬರಿಗೆ ಹದಿನಾಲ್ಕು ವರ್ಷಗಳಿಂದ ಮಧುಮೇಹವಿತ್ತು. ಮಧುಮೇಹಿಗಳಿಗೆ ಸಾಮಾನ್ಯವಾಗಿ ಬಯಾಪ್ಸಿ ಮಾಡುವುದಿಲ್ಲ. ಮೂತ್ರದಲ್ಲಿ ಪ್ರೋಟೀನ್ ಒಮ್ಮೆಲೇ ಬಹಳವಾಗಿ ಕಂಡದ್ದರಿಂದ ಬೇರೆ ಕಾಯಿಲೆಯ ಶಂಕೆ ಹುಟ್ಟಿತ್ತು. ಬೇರೆ ಕಾಯಿಲೆಯೇನೂ ಇರಲಿಲ್ಲ. ಪಾದಕೋಶಗಳ ನ್ಯೂಕ್ಲಿಯಸ್ ಬಣ್ಣವೇರಿ ಕಾಣುವಂತೆ ಅಲ್ಲಿರುವ ಡಬ್ಲ್ಯುಟಿ-1 ಎಂಬ ಪ್ರೋಟೀನಿಗೆ ಬಣ್ಣ ಹಾಕಿ ನೋಡಿದಾಗ, ಒಂದು ಉಂಡೆಯ ಸುತ್ತ ತುಂಬಿರಬೇಕಾದ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು. ಕೋಶಗಳು ಪೊರೆಯಿಂದ ಕಳಚಿ ಮೂತ್ರದೊಡನೆ ಹೋಗಿದ್ದವು. ಪ್ರೌಢ ಪಾದಕೋಶ ವಿಭಜನೆಯಾಗಿ ತನ್ನ ಬದಲಿಗೆ ಇನ್ನೊಂದನ್ನು ಕೊಡಲಾರದು. ಪಕ್ಕದ ಕೋಶ ಹಿಗ್ಗಿ ತೆರವಾದ ಜಾಗವನ್ನು ಮುಚ್ಚಲು ನೋಡುತ್ತದೆ, ಅದಕ್ಕೂ ಮಿತಿಯಿದೆ. ಮಿತಿ ಮೀರಿದಾಗ ಬೆತ್ತಲಾದ ಪೊರೆ ಉಂಡೆಯನ್ನು ಸುತ್ತಿರುವ ಎದುರಿನ ಕವಚಕ್ಕೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಗಾಯದ ಕಲೆ ಹರಡುತ್ತದೆ. ಇಲಿಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಪಾದಕೋಶಗಳ ನಷ್ಟ ಶೇಕಡಾ 20 ದಾಟಿದ ಮೇಲೆ ಇಂಥ ಅಂಟು ಮತ್ತು ಕಲೆಗಳು ಕಂಡವು, ಶೇಕಡಾ 40 ದಾಟಿದ ಮೇಲೆ ಮೂತ್ರಪಿಂಡದ ಶಕ್ತಿಯೇ ಕುಸಿಯಿತು. ಒಂದು ಉಂಡೆ ಮುಚ್ಚಿದರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ, ಒತ್ತಡ ಹೆಚ್ಚಿ ಅವುಗಳ ಪಾದಕೋಶಗಳೂ ಕಳಚತೊಡಗುತ್ತವೆ. ರಕ್ತದೊತ್ತಡಕ್ಕೆ ಕೊಡುವ, ಎಸಿಇ ಎಂಬ ಕಿಣ್ವವನ್ನು ತಡೆಯುವ ಔಷಧಗಳೂ ಮಧುಮೇಹಕ್ಕೆ ಕೊಡುವ ಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳೂ ಈ ಒತ್ತಡವನ್ನು ಇಳಿಸಿ ಉಳಿದ ಕೋಶಗಳನ್ನು ಕಾಯುತ್ತವೆ; ಹೋದದ್ದನ್ನು ತರುವುದಿಲ್ಲ.

ಡೊಂಬಿವಲಿಯ ಆ ರೋಗಿ ಪ್ರತಿವರ್ಷ ತಪ್ಪದೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡವರು. ಸುಮಾರು ಅರ್ಧ ಶಕ್ತಿ ಹೋಗುವವರೆಗೂ ಅದು ಸಹಜವೆಂದೇ ತೋರಬಲ್ಲದು. ಮೂತ್ರದ ಆಲ್ಬುಮಿನ್ ನೋಡಲು ಯಾರೂ ಹೇಳಿರಲಿಲ್ಲ. ಮೂತ್ರದ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಆಲ್ಬುಮಿನ್ ದಾಟಿದಾಗಲೇ ಪಾದಕೋಶಗಳ ಸಂಕಟ ತಿಳಿಯಬಹುದಿತ್ತು ಎಂಬುದನ್ನು ನೆನೆದರೆ ನನಗೆ ಇಂದಿಗೂ ನೋವಾಗುತ್ತದೆ.

ಈ ಇಬ್ಬರ ನಂತರ ನನ್ನ ವರದಿಯ ಬರವಣಿಗೆ ಬದಲಾಯಿತು. ಮೊದಲು “ಪಾದಗಳು ಚಪ್ಪಟೆಯಾಗಿವೆ” ಎಂದಷ್ಟೇ ಬರೆಯುತ್ತಿದ್ದೆ. ಈಗ ಎಷ್ಟು ಭಾಗದಲ್ಲಿ ಚಪ್ಪಟೆಯಾಗಿವೆ, ಎಲ್ಲಾದರೂ ಕೋಶ ಕಳಚಿ ಪೊರೆ ಬೆತ್ತಲಾಗಿದೆಯೇ, ಕವಚಕ್ಕೆ ಅಂಟಿದ ಜಾಗವಿದೆಯೇ ಎಂಬುದನ್ನು ಬೇರೆಬೇರೆಯಾಗಿ ಬರೆಯುತ್ತೇನೆ. ಚಪ್ಪಟೆಯಾದ ಪಾದ ಮತ್ತೆ ಎದ್ದೀತು, ಕಳಚಿದ ಕೋಶ ಮರಳದು. ವೈದ್ಯರಿಗೆ ಈ ವ್ಯತ್ಯಾಸ ಮೊದಲ ಸಾಲಿನಲ್ಲೇ ಗೊತ್ತಾಗಬೇಕು. ಉಂಡೆಗಳು ಹತ್ತಕ್ಕಿಂತ ಕಡಿಮೆ ಸಿಕ್ಕಿದ್ದರೆ, ಕಲೆಯಿರುವ ಉಂಡೆ ಸೂಜಿಗೆ ತಪ್ಪಿರಬಹುದೆಂದೂ ಸ್ಪಷ್ಟವಾಗಿ ನಮೂದಿಸುತ್ತೇನೆ.

ಮರುವರ್ಷ ಬೈಂದೂರಿನಿಂದ ಆ ತಾಯಿ ಫೋನ್ ಮಾಡಿದರು. ಜ್ವರ ಬಂದುಹೋದ ಮೇಲೆ ಮಗನ ಮುಖ ಮತ್ತೆ ಊದಿದೆ, ಮೂತ್ರದಲ್ಲಿ ನೊರೆ ಕಾಣುತ್ತಿದೆ, ಪಾದಗಳು ಪುನಃ ಚಪ್ಪಟೆಯಾದವೇ ಎಂದು ಕೇಳಿದರು. ಹಾಗೇ ಇರಬೇಕು, ಈ ಕಾಯಿಲೆ ಮರುಕಳಿಸುವುದುಂಟು, ಅವನ ಕೋಶಗಳು ಕಳಚಿದ್ದನ್ನು ನಾನು ಕಂಡಿಲ್ಲ, ನಾಳೆಯೇ ವೈದ್ಯರಿಗೆ ತೋರಿಸಿ ಎಂದೆ. ಆಕೆ ಅಂದೇ ರಾತ್ರಿಯ ಬಸ್ಸಿಗೆ ಮಗನೊಡನೆ ಹೊರಟರು.